ನಾಯಿಗೆ ನೀರೆರೆಯುವುದು

ಕನ್ನಡದಲ್ಲಿ ಸ್ನಾನವನ್ನು ಕುರಿತು ಸೊಗಸಾದ ನುಡಿಯೊಂದುಂಟು: ನೀರೆರೆಯುವುದು. ಗಿಡಕ್ಕೆ ನೀರೆರೆಯುತ್ತೇವೆ, ಹಸುಗೂಸಿಗೆ ನೀರೆರೆಯುತ್ತೇವೆ, ಹಬ್ಬದ ದಿನ ಅಳಿಯನಿಗೂ ಎಣ್ಣೆಯೊತ್ತಿ ನೀರೆರೆಯುತ್ತೇವೆ. ಪಾತ್ರೆಯನ್ನೋ ಅಂಗಳವನ್ನೋ ಮೋಟಾರು ಗಾಡಿಯನ್ನೋ ಆದರೆ ತೊಳೆಯುತ್ತೇವೆ. ತೊಳೆಯುವವನ ಕಣ್ಣು ಕೊಳೆಯ ಮೇಲಿರುತ್ತದೆ. ನೀರೆರೆಯುವವನ ಕಣ್ಣು ಮೈಯ ಮೇಲಿರುತ್ತದೆ. ಕೇಳುಗ ಮಿತ್ರರೆ, ನಮ್ಮ ಮನೆಗಳಲ್ಲಿ ಸಾಕಿದ ನಾಯಿಗಳಿಗೆ ಆಗುತ್ತಿರುವುದು ಬಹುಮಟ್ಟಿಗೆ ತೊಳೆತವೇ. ಅದಕ್ಕೂ ನೀರೆರೆಯಬೇಕು ಎಂಬುದಷ್ಟೆ ಈ ಹೊತ್ತಿನ ನನ್ನ ಅರಿಕೆ.

ನಾಯಿ ಮೈಲಿಗೆಯ ಪ್ರಾಣಿ ಎಂಬ ಎಣಿಕೆ ಹಳೆಯದು. ಮಹಾಭಾರತದ ಆದಿಪರ್ವದಲ್ಲಿ ಸರಮೆಯ ಮರಿಯ ಕಥೆ ಬರುತ್ತದೆ. ಯಜ್ಞಶಾಲೆಯ ಬಳಿ ಸುಳಿದ ಆ ಮರಿಯನ್ನು ಜನಮೇಜಯನ ತಮ್ಮಂದಿರು ಹೊಡೆದಟ್ಟಿದರು. ಹವಿಸ್ಸನ್ನು ಅದು ನೆಕ್ಕಿರಲಿಲ್ಲ, ಅತ್ತ ಕಣ್ಣೆತ್ತಿ ನೋಡಿಯೂ ಇರಲಿಲ್ಲ. ಅಂದು ಹೊರಗಟ್ಟಿದ ಮೈಲಿಗೆಯ ಭಾವನೆಯೇ ಇಂದು ನಾಯಿಯನ್ನು ಬಚ್ಚಲಿಗೆ ಎಳೆದೊಯ್ಯುತ್ತಿದೆ. ನಡುಮನೆಯಲ್ಲಿ ಮಲಗುವ ನಾಯಿ ನಮ್ಮಂತೆಯೇ ಮಡಿಯಾಗಿರಬೇಕೆಂದು ವಾರಕ್ಕೆರಡು ಸಲ ನಮ್ಮದೇ ಸೋಪು ಹಚ್ಚಿ ಉಜ್ಜುವವರಿದ್ದಾರೆ. ಮಡಿ ನಮ್ಮದು, ಚರ್ಮ ಅದರದು.

ಆ ಚರ್ಮದ ಸ್ವಭಾವವೇನು? ದಟ್ಟವಾದ ರೋಮವನ್ನು ಕಂಡು ಒಳಗಿನದು ಗಟ್ಟಿ ಚರ್ಮವೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ನಾಯಿಯ ಹೊರಚರ್ಮ ನಮ್ಮದಕ್ಕಿಂತ ತೆಳುವಾದದ್ದು. ರೋಮವಿರುವೆಡೆ ಜೀವಕೋಶಗಳ ಪದರ ಸಾಮಾನ್ಯವಾಗಿ 3ರಿಂದ 5 ಮಾತ್ರ. ನಮ್ಮ ಚರ್ಮದ ಮೇಲ್ಮೈ ತುಸು ಆಮ್ಲೀಯ, ಅದರ ಪಿಎಚ್ ಸುಮಾರು 5.5. ನಾಯಿಯದು 7ರ ಆಸುಪಾಸಿಗೆ ಹತ್ತಿರ. ಬಟ್ಟೆಯ ಸೋಪಿನದಂತೂ 9–10. ಚರ್ಮದ ಗ್ರಂಥಿಗಳು ಒಸರುವ ತೆಳುಜಿಡ್ಡೊಂದು ನಾಯಿಯ ಮೈಯನ್ನು ಕವಚದಂತೆ ಕಾಯುತ್ತಿರುತ್ತದೆ. ಕ್ಷಾರದ ಸೋಪು ಮೊದಲು ಕಳಚುವುದು ಈ ಕವಚವನ್ನೇ.

ಕವಚ ಹೋದ ಮೈ ಒಣಗುತ್ತದೆ. ಒಣಗಿದ ಮೈ ತುರಿಸುತ್ತದೆ. ಕೆರೆದ ಗಾಯದಲ್ಲಿ ಸೂಕ್ಷ್ಮಾಣುಗಳೂ ಬೂಷ್ಟೂ ನೆಲೆಸಿ ವಾಸನೆ ಹುಟ್ಟುತ್ತದೆ. ವಾಸನೆ ಬಂತೆಂದು ಮನೆಯವರು ಮತ್ತೆ ತೊಳೆಯುತ್ತಾರೆ. ಹೀಗೆ ಸುತ್ತಿ ಸುತ್ತಿ ರೋಮವೆಲ್ಲ ಉದುರಿದ ಮೇಲೆ 'ಕಜ್ಜಿನಾಯಿ' ಎಂಬ ಬಿರುದು ಹೊತ್ತು ಬೀದಿಗೆ ಬಿದ್ದ ನಾಯಿಗಳುಂಟು. ನೀರೆರೆದ ಎರಡೇ ದಿನಕ್ಕೆ ದುರ್ವಾಸನೆ ಮರಳಿದರೆ ಅದು ಕೊಳೆಯಲ್ಲ, ರೋಗ. ಹೋಗಬೇಕಾದದ್ದು ಬಚ್ಚಲಿಗಲ್ಲ, ಪಶುವೈದ್ಯರಲ್ಲಿಗೆ.

ಎಲ್ಲ ನಾಯಿಗಳ ಮೈಯೂ ಒಂದೇ ಅಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಚಿತ್ರಿತವಾದ ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿ. ಓಟಕ್ಕೆಂದೇ ಹದಗೊಂಡ ತೆಳ್ಳನೆಯ ದೇಹ, ಗಿಡ್ಡ ರೋಮ, ಕೊಬ್ಬು ಕಡಮೆ. ಅದಕ್ಕೆ ಒದ್ದೆ ಬಟ್ಟೆಯಿಂದ ಮೈಯೊರೆಸಿ ಅಂಗೈಯಿಂದ ತೀಡಿದರೆ ಬಹುಕಾಲ ಸಾಕು. ತಣ್ಣೀರು ಸುರಿದರೆ ಬೇಗ ನಡುಗುತ್ತದೆ. ಜರ್ಮನ್ ಶೆಫರ್ಡ್‌ನಂಥ ತಂಪು ದೇಶದ ತಳಿಗಳಿಗೆ ಎರಡು ಪದರದ ರೋಮ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ನಿಂತು ಹುಣ್ಣಾಗುತ್ತದೆ. ಸೆಕೆಯೆಂದು ಅವನ್ನು ಬೋಳಿಸುವುದೂ ತರವಲ್ಲ. ಬಿಸಿಲನ್ನು ತಡೆಯುವುದೂ ಆ ರೋಮವೇ.

ಆರೋಗ್ಯವಾಗಿರುವ ನಾಯಿಗೆ ತಿಂಗಳಿಗೊಮ್ಮೆ ಸ್ನಾನವಾದರೆ ಸಾಮಾನ್ಯವಾಗಿ ಸಾಕು. ಮೊದಲು ಬಾಚಬೇಕು, ಗಂಟು ನೆನೆದರೆ ಇನ್ನೂ ಬಿಗಿಯುತ್ತದೆ. ನೀರು ಉಗುರುಬೆಚ್ಚಗಿರಲಿ. ತಲೆಯ ಮೇಲೆ ಸುರಿಯದೆ ಮುಖವನ್ನು ಬಟ್ಟೆಯಿಂದ ಒರೆಸಿ. ಕಿವಿಗೆ ನೀರಿಳಿದರೆ ಸೋರುಗಿವಿಗೆ ದಾರಿಯಾದೀತು. ನಾಯಿಗೆಂದೇ ಮಾಡಿದ ಶಾಂಪೂ ಬಳಸಿ, ನೊರೆಯ ಲವಲೇಶವೂ ಉಳಿಯದಂತೆ ತೊಳೆದು, ಬೆರಳ ಸಂದು, ಕಂಕುಳುಗಳನ್ನು ಆರಿಸಿ. ಉಣುಗು ಹತ್ತಿದೆಯೆಂದು ಸೀಮೆಎಣ್ಣೆ ಸವರುವುದು, ಫಿನಾಯಿಲು ಬೆರೆಸಿದ ನೀರು ಹೊಯ್ಯುವುದು ಬೇಡವೇ ಬೇಡ. ಅವು ಚರ್ಮವನ್ನು ಸುಡುತ್ತವೆ. ನಾಯಿ ತನ್ನ ಮೈಯನ್ನು ತಾನೇ ನೆಕ್ಕುವುದರಿಂದ ಹಚ್ಚಿದ್ದೆಲ್ಲ ಹೊಟ್ಟೆಗೂ ಸೇರುತ್ತದೆ.

ಇದಕ್ಕೆಲ್ಲ ವೇಳೆ ಹಿಡಿಯುತ್ತದೆ, ನಿಜ. ಆ ವೇಳೆಯಲ್ಲೇ ಇನ್ನೊಂದು ಕೆಲಸವೂ ಆಗುತ್ತದೆ. ಬಾಚುವ ಕೈಗೆ ರೋಮದಡಿಯ ಉಣುಗು ಸಿಕ್ಕುತ್ತದೆ, ಹೊಸ ಗಂಟು ತಾಗುತ್ತದೆ, ಮುಟ್ಟಿದರೆ ನೋಯುವ ಜಾಗ ತಿಳಿಯುತ್ತದೆ. ತುರಿಕೆಯೆಂದು, ಉರಿಯೆಂದು ಬಾಯಿಬಿಟ್ಟು ಹೇಳಲಾರದ ಜೀವದ ನೋವನ್ನು ಕೈಯಿಂದಲೇ ಓದಿಕೊಳ್ಳಬೇಕು. ಅದನ್ನು ಓದಬಲ್ಲ ಕೈಯೇ ನೀರೆರೆಯುವ ಕೈ.