ಪರದೇಶದ ಕಾಯಂ ವಾಸ: ಅರ್ಜಿ ಯಾರದು?

(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ಸಮ್ಮೇಳನದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ಚರಿತ್ರೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡಿದ್ದರು. ಚರಿತ್ರೆಯನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ವೇದಿಕೆಯ ಮೇಲೆಯೇ ಇದ್ದಾರೆ. ಆದುದರಿಂದ ನಾವು ಬೇರೊಂದು ವಿಷಯವನ್ನು ಎತ್ತಿಕೊಳ್ಳುತ್ತೇವೆ. ಜ್ಞಾನಸ್ನಾನದ ಪತ್ರವನ್ನು ಕೇಳಿಕೊಂಡು ಕಚೇರಿಗೆ ಬರುವವರು ಹಿಂದೆ ಮದುವೆಯ ನಿಮಿತ್ತವಾಗಿ ಬರುತ್ತಿದ್ದರು. ಈಗ ಪಾಸ್‌ಪೋರ್ಟು, ವೀಸಾಗಳಿಗಾಗಿ ಬರುವವರೂ ಇದ್ದಾರೆ. "ಸ್ವಾಮಿ, ಆಸ್ಪತ್ರೆಯವರೇ ಸ್ಪಾನ್ಸರ್ ಮಾಡುತ್ತಾರಂತೆ, ಅಲ್ಲೇ ಕಾಯಂ ಆಗುತ್ತದಂತೆ" ಎಂದು ತಾಯಂದಿರು ಹಿಗ್ಗಿನಿಂದ ಹೇಳುತ್ತಾರೆ. ಆ 'ಅಂತೆ'ಯನ್ನು ಇಂದು ತುಸು ಬಿಡಿಸಿ ನೋಡೋಣ.

ದುಡಿಮೆಯನ್ನು ಅರಸಿ ಊರು ಬಿಡುವುದು ಈ ಸೀಮೆಗೆ ಹೊಸದೇನಲ್ಲ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆಯ ಕೆಲಸವು 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಕಟ್ಟೆಗೂ, ಆಮೇಲೆ ಅದರ ನಾಲೆಗಳು ಹಸಿರು ಮಾಡಿದ ಹೊಲಗಳಿಗೂ ಹೊರಗಿನಿಂದ ದುಡಿಯುವ ಕೈಗಳು ಬಂದವು. ಹಾಗೆ ಬಂದವರು ಕೆಲಸ ಮುಗಿದ ಮೇಲೂ ಇಲ್ಲಿಯೇ ನಿಲ್ಲಬೇಕೆಂದರೆ ಕಂಟ್ರಾಕ್ಟುದಾರನ ಸಹಿಗಾಗಿ ಕಾಯಬೇಕಾಗಿರಲಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಸಂಗತಿ ಬೇರೆಯಾಗಿತ್ತು. ಅಲ್ಲಿ ಕೆಲಸವೂ ಕಂಪನಿಯದು, ವಾಸದ ಮನೆಯೂ ಕಂಪನಿಯದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಉದ್ಯೋಗದೊಂದಿಗೆ ಮನೆಯ ಚಿಂತೆಯೂ ಸಾವಿರಾರು ಸಂಸಾರಗಳ ತಲೆಯ ಮೇಲೆ ಬಿದ್ದಿತು. ಉದ್ಯೋಗದಾತನ ಪ್ರಾಯೋಜನೆಯಿಂದ ದೊರೆಯುವ ಪರದೇಶದ ವಾಸವು, ಅದು ಕಾಯಂ ಆಗುವವರೆಗೆ, ಈ ಎರಡನೆಯ ಬಗೆಯದು. ಅಲ್ಲಿ ಕೊಠಡಿಯಷ್ಟೇ ಅಲ್ಲ, ಇಡೀ ದೇಶವೇ ಮಾಲೀಕನು ಕೊಟ್ಟ ಮನೆಯಂತೆ.

ನಮ್ಮದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇವೆ. ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರವೊಂದರಲ್ಲಿ ಗಲ್ಫಿನಲ್ಲಿ ನರ್ಸ್ ಆಗಿದ್ದ ಒಬ್ಬ ಸಹೋದರಿ ಇದ್ದಳು. 2014ರಲ್ಲಿ ಅಮೆರಿಕದ ಒಂದು ಸಂಸ್ಥೆಯು ಅವಳ ಪರವಾಗಿ ಸಲ್ಲಿಸಿದ ಅರ್ಜಿಯು ಮಂಜೂರಾಯಿತು. ತಾಯಿ ಸಿಹಿ ಹಂಚಿದಳು. ನಾವು ಭಾನುವಾರದ ಪೂಜೆಯಲ್ಲಿ, ನಮ್ಮ ಮಗಳೊಬ್ಬಳಿಗೆ ಅಮೆರಿಕದ ಕಾಯಂ ವಾಸ ದೊರೆತಿದೆ ಎಂದು ಪೀಠದಿಂದಲೇ ಪ್ರಕಟಿಸಿ ಕೃತಜ್ಞತಾ ಬಲಿಪೂಜೆಯನ್ನೂ ಅರ್ಪಿಸಿದೆವು. ಕಾಗದವನ್ನು ನಾವು ಓದಿರಲಿಲ್ಲ. ಓದಿದ್ದರೆ, ಅರ್ಜಿದಾರರೆಂಬ ಸ್ಥಳದಲ್ಲಿ ಆ ಸಂಸ್ಥೆಯ ಹೆಸರಿದ್ದುದೂ, ನಮ್ಮ ಮಗಳ ಹೆಸರು ಅದರ ಕೆಳಗೆ ಫಲಾನುಭವಿಯೆಂದು ಇದ್ದುದೂ ಕಾಣುತ್ತಿತ್ತು. ಮಂಜೂರಾದುದು ಸಾಲಿನಲ್ಲಿ ನಿಲ್ಲುವ ಹಕ್ಕು ಮಾತ್ರ.

ಆ ಸಾಲಿನ ಲೆಕ್ಕ ಹೀಗಿದೆ. 1990ರ ಕಾನೂನಿನ ಪ್ರಕಾರ ಅಮೆರಿಕವು ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಕಾಯಂ ವಾಸದ ಪರವಾನಗಿಗಳನ್ನು ಕೊಡುತ್ತದೆ. ಹೆಂಡತಿ, ಗಂಡ, ಮಕ್ಕಳು ಸಹ ಈ ಸಂಖ್ಯೆಯೊಳಗೇ ಸೇರುತ್ತಾರೆ. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಸಾಧಾರಣವಾಗಿ ನೂರಕ್ಕೆ 7ಕ್ಕಿಂತ ಹೆಚ್ಚು ಪಾಲಿಲ್ಲ. ಚಿಕ್ಕ ದೇಶಕ್ಕೂ ಅದೇ ಮಿತಿ, ನಮ್ಮಂತಹ ದೊಡ್ಡ ದೇಶಕ್ಕೂ ಅದೇ ಮಿತಿ. ಇತರ ಕೆಲಸಗಳಿಗೆ ತಕ್ಕ ಅಮೆರಿಕದವರು ಯಾರೂ ದೊರೆಯಲಿಲ್ಲವೆಂದು ಮಾಲೀಕನು ಮೊದಲು ಅಲ್ಲಿಯ ಕಾರ್ಮಿಕ ಇಲಾಖೆಗೆ ತೋರಿಸಬೇಕು. ನರ್ಸುಗಳ ಕೊರತೆ ಇರುವುದೆಂದು ಸರ್ಕಾರವೇ ಒಪ್ಪಿರುವುದರಿಂದ ಅವರಿಗೆ ಆ ಒಂದು ಮೆಟ್ಟಿಲು ಇಲ್ಲ. ಆದರೆ ಸಾಲು ತಪ್ಪದು. ನರ್ಸುಗಳು ಹೆಚ್ಚಾಗಿ ಸೇರುವ ಮೂರನೆಯ ವರ್ಗದಲ್ಲಿ, 2025ರ ಕೊನೆಯ ತಿಂಗಳುಗಳಲ್ಲೂ ಭಾರತದವರ ಸರದಿಯು 2013ರ ಅರ್ಜಿಗಳನ್ನು ದಾಟಿರಲಿಲ್ಲ.

ನಮ್ಮ ಆ ಸಹೋದರಿಯ ಮಗಳಿಗೆ 2014ರಲ್ಲಿ ಹತ್ತು ವರ್ಷ. 2025ರಲ್ಲಿ ಅವಳಿಗೆ 21 ತುಂಬಿತು. 21 ತುಂಬಿದವರು ಆ ಕಾನೂನಿನ ಕಣ್ಣಿಗೆ ಮಕ್ಕಳಲ್ಲ. ಅರ್ಜಿಯು ಪರಿಶೀಲನೆಯಲ್ಲಿದ್ದ ಅವಧಿಯನ್ನು ವಯಸ್ಸಿನಿಂದ ಕಳೆಯಲು 2002ರ ತಿದ್ದುಪಡಿಯೊಂದು ಅವಕಾಶ ಕೊಡುತ್ತದೆ ನಿಜ. ಇವಳ ಪಾಲಿಗೆ ಅದು ಕೆಲವೇ ತಿಂಗಳು. ಯಾವ ಮಗಳ ಸಲುವಾಗಿ ತಾಯಿ ಸಾಲಿನಲ್ಲಿ ನಿಂತಿದ್ದಳೋ ಆ ಮಗಳೇ ಸಾಲಿನಿಂದ ಹೊರಬಿದ್ದಳು. ತಾಯಿಯ ಸರದಿ ಬಂದಾಗ ಹೋಗಬೇಕೇ ಬೇಡವೇ ಎಂದು ಅವಳು ನಮ್ಮನ್ನು ದೂರವಾಣಿಯಲ್ಲಿ ಕೇಳಿದಳು. ಪೀಠದಿಂದ ಅಷ್ಟು ಧೈರ್ಯವಾಗಿ ಪ್ರಕಟಿಸಿದ ನಮ್ಮ ಬಾಯಿಂದ ಅಂದು ಮಾತು ಹೊರಡಲಿಲ್ಲ.

ಎಲ್ಲ ದೇಶಗಳೂ ಹೀಗೆಯೇ ಎಂದು ನಾವು ಹೇಳುತ್ತಿಲ್ಲ. ಗಲ್ಫಿನ ದೇಶಗಳಲ್ಲಿ ನಮ್ಮಂತಹ ಸಾಮಾನ್ಯ ದುಡಿಮೆಗಾರರಿಗೆ ಕಾಯಂ ವಾಸದ ಮಾತೇ ಇಲ್ಲ. ಅಲ್ಲಿಯ ವಾಸವು ಕೆಲಸದೊಂದಿಗೆ ಮುಗಿಯುತ್ತದೆ. ಆಸ್ಟ್ರೇಲಿಯದ ದಾರಿ ಹೆಚ್ಚು ಬಿಚ್ಚುಮನಸ್ಸಿನದು. ಅಲ್ಲಿ ತಾತ್ಕಾಲಿಕ ವೀಸಾದ ಮೇಲೆ ದುಡಿಯುವವನನ್ನು ಕಾಯಂ ವಾಸಕ್ಕೆ ನಾಮಕರಣ ಮಾಡಲು ಮೂರು ವರ್ಷಗಳ ದುಡಿಮೆ ಬೇಕಾಗಿದ್ದುದನ್ನು 2023ರ ನವೆಂಬರಿನಲ್ಲಿ ಎರಡಕ್ಕೆ ಇಳಿಸಿದರು. 2024ರ ಡಿಸೆಂಬರಿನಿಂದ ಆ ಎರಡು ವರ್ಷಗಳು ಒಬ್ಬನೇ ಮಾಲೀಕನ ಬಳಿ ಕಳೆದವಾಗಿರಬೇಕೆಂಬ ನಿಯಮವನ್ನೂ ಸಡಿಲಿಸಿದರು. ಕೆಲಸ ತಪ್ಪಿದವನಿಗೆ ಹೊಸ ಪ್ರಾಯೋಜಕನನ್ನು ಹುಡುಕಲು ಮೊದಲು 60 ದಿನಗಳಿದ್ದವು, 2024ರ ಜುಲೈಯಿಂದ ಒಮ್ಮೆಗೆ 180 ದಿನಗಳಾದವು. ಈ ತಿದ್ದುಪಡಿಗಳ ಹಿಂದಿನ ವಿಚಾರವನ್ನು ಗಮನಿಸಿರಿ. ಬಿಟ್ಟು ಹೋಗಲಾರದವನಿಗೆ ಕೂಲಿ ಕಡಿಮೆ ಕೊಟ್ಟರೂ ನಡೆಯುತ್ತದೆ ಎಂಬುದನ್ನು ಆ ದೇಶವೇ ಕಂಡುಕೊಂಡಿತು.

ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರಿಗೆ ಜೀತವೆಂದರೆ ಏನೆಂದು ವಿವರಿಸಬೇಕಾಗಿಲ್ಲ. 1976ರ ಕಾನೂನು ಅದನ್ನು ರದ್ದುಗೊಳಿಸಿತು. ಒಳ್ಳೆಯ ಸಂಬಳದ ಈ ಉದ್ಯೋಗಗಳನ್ನು ಜೀತವೆಂದು ಕರೆದರೆ ಜೀತ ಮಾಡಿ ಸವೆದವರಿಗೆ ಅಪಚಾರವಾದೀತು. ಪ್ರಾಮಾಣಿಕರಾದ ಮಾಲೀಕರು ಬಹಳ ಮಂದಿ ಇದ್ದಾರೆ, ಅವರಿಂದ ಉದ್ಧಾರವಾದ ಸಂಸಾರಗಳೂ ಇವೆ. ಆದರೂ ಇಷ್ಟು ವರ್ಷ ಬಿಟ್ಟು ಹೋಗಕೂಡದು, ಹೋದರೆ ಇಷ್ಟು ಹಣ ಕಟ್ಟಬೇಕು ಎಂಬ ಬಾಂಡ್ ಪತ್ರವನ್ನು ಯುವಕರು ತಂದು ತೋರಿಸಿದಾಗ ನಮಗೆ ಮುಂಗಡದ ಹಳೆಯ ಹಗ್ಗದ ನೆನಪಾಗದೆ ಇರುವುದಿಲ್ಲ.

ಆದಿಕಾಂಡದಲ್ಲಿ ಯಕೋಬನೂ ಹೀಗೆಯೇ ಪರದೇಶದಲ್ಲಿ ಸೋದರಮಾವನಾದ ಲಾಬಾನನ ಆಶ್ರಯದಲ್ಲಿ ದುಡಿದನು. ರಾಖೇಲಳಿಗಾಗಿ ಏಳು ವರ್ಷವೆಂದು ಮಾತಾಯಿತು. ಏಳು ವರ್ಷ ಕಳೆದಾಗ ಕೈಗೆ ಬಂದವಳು ಲೇಯಾ. ಮತ್ತೆ ಏಳು ವರ್ಷದ ದುಡಿಮೆ, ಆಮೇಲೆ ಕುರಿಮಂದೆಗಾಗಿ ಆರು ವರ್ಷ, ನಡುವೆ ಹತ್ತು ಬಾರಿ ಕೂಲಿಯ ಬದಲಾವಣೆ. ಲಾಬಾನನು ಕ್ರೂರಿಯೇನಲ್ಲ, ಊರಿಗೆಲ್ಲ ಔತಣವಿಟ್ಟವನು. ಆದರೆ ಕರಾರಿನ ಅರ್ಥವನ್ನು ಹೇಳುವ ಅಧಿಕಾರವನ್ನು ಮಾತ್ರ ಅವನು ತನ್ನಲ್ಲೇ ಇಟ್ಟುಕೊಂಡಿದ್ದನು. ಸಂತ ಎರಡನೆಯ ಜಾನ್ ಪೌಲರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ವಲಸೆ ಬಂದ ಕಾರ್ಮಿಕನನ್ನು ಹಕ್ಕುಗಳ ವಿಷಯದಲ್ಲಿ ಆ ನಾಡಿನ ಕಾರ್ಮಿಕನಿಗಿಂತ ಕೆಳಗಿಡಬಾರದೆಂದು ಬೋಧಿಸಿದುದು ಇಂತಹ ಲಾಬಾನರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರಬೇಕು.

ಇನ್ನು ಹಣದ ಮಾತು. ಒಬ್ಬ ತಂದೆ ತೋಟದ ಪಹಣಿಯನ್ನು ಹಿಡಿದು ನಮ್ಮ ಬಳಿಗೆ ಬಂದರು. ವೆಲ್ಡಿಂಗ್ ಕಲಿತ ಮಗನಿಗೆ ಆಸ್ಟ್ರೇಲಿಯದ ಪ್ರಾಯೋಜನ ಪತ್ರ ಕೊಡಿಸಲು ಏಜೆಂಟನೊಬ್ಬನು ಹತ್ತು ಲಕ್ಷ ಕೇಳಿದ್ದನಂತೆ. ಸಾಲಕ್ಕಾಗಿ ಸಹಕಾರ ಸಂಘದಲ್ಲಿ ನಾವೊಂದು ಮಾತು ಹೇಳಬೇಕಂತೆ. ಪ್ರಾಯೋಜನೆಯನ್ನು ಹಣಕ್ಕೆ ಮಾರುವುದನ್ನೂ ಕೊಳ್ಳುವುದನ್ನೂ ಆಸ್ಟ್ರೇಲಿಯವು 2015ರಲ್ಲೇ ಕಾನೂನಿನಿಂದ ನಿಷೇಧಿಸಿದೆ; ಕೊಟ್ಟವನ ವೀಸಾವೂ ರದ್ದಾಗಬಹುದು. ನಮ್ಮ ದೇಶದಲ್ಲಿ 1983ರ ವಲಸೆ ಕಾನೂನಿನಂತೆ ನೋಂದಣಿ ಪಡೆದ ಏಜೆಂಟನು ಸೇವಾಶುಲ್ಕವೆಂದು ತೆಗೆದುಕೊಳ್ಳಬಹುದಾದುದು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಪೂರ್ತಿ ಹಣಕ್ಕೆ ರಸೀತಿ ಕೊಡುವಿರಾ ಎಂದು ಕೇಳಿರೆಂದೆವು. ಏಜೆಂಟನು ಒಪ್ಪಲಿಲ್ಲ. ತೋಟ ಉಳಿಯಿತು. ಹುಡುಗನು ಇಂದಿಗೂ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾನೆ. ಈ ಸಭೆಯಲ್ಲೂ ಹಿಂದಿನ ಸಾಲಿನಲ್ಲಿದ್ದಾನೆ.

ಹೋಗಬೇಡಿರೆಂದು ತಡೆಯಲು ನಾವು ಬಂದಿಲ್ಲ. ಹೋಗುವವರು ಕಾಗದದಲ್ಲಿ ಕೆಲವು ಸಂಗತಿಗಳನ್ನು ಹುಡುಕಿರಿ. ಅರ್ಜಿ ಯಾರ ಹೆಸರಿನಲ್ಲಿದೆ? ಕಾಯಂ ವಾಸಕ್ಕೆ ಅರ್ಜಿ ಹಾಕುವುದಾಗಿ ಮಾಲೀಕನು ದಿನಾಂಕ ಸಹಿತ ಬರೆದುಕೊಟ್ಟಿದ್ದಾನೆಯೇ, ಅಥವಾ ಬಾಯಿಮಾತೇ? ಅವನು ಹಿಂದೆಗೆದರೆ ನಿಮ್ಮಲ್ಲಿ ಏನು ಉಳಿಯುತ್ತದೆ? ಅಮೆರಿಕದಲ್ಲಿ ಮಂಜೂರಾದ ಅರ್ಜಿಯ ಸರದಿಯ ದಿನಾಂಕವನ್ನು ಸಾಮಾನ್ಯವಾಗಿ ಮುಂದಿನ ಮಾಲೀಕನ ಅರ್ಜಿಗೂ ಒಯ್ಯಬಹುದು. ಇದನ್ನು ತಿಳಿಯದೆ ಅನ್ಯಾಯವನ್ನು ಸಹಿಸಿಕೊಂಡು ಒಂದೇ ಕಡೆ ಉಳಿದವರನ್ನು ನಾವು ಬಲ್ಲೆವು. ಮಂಜೂರಾತಿಯ ಪತ್ರದ ನಕಲು ನಿಮ್ಮ ಕೈಯಲ್ಲಿರಲಿ. ಮಕ್ಕಳ ವಯಸ್ಸನ್ನು ಅದರ ಪಕ್ಕದಲ್ಲಿಟ್ಟು ಲೆಕ್ಕ ಹಾಕಿರಿ.

ಬರುವ ಭಾನುವಾರ ಪೂಜೆಯ ನಂತರ ನಾವು ಕಚೇರಿಯಲ್ಲಿ ಕುಳಿತಿರುತ್ತೇವೆ. ಇಂಗ್ಲಿಷ್ ಕರಾರುಗಳನ್ನು ಓದಿ ಕನ್ನಡದಲ್ಲಿ ತಿಳಿಸಲು ವಕೀಲರೊಬ್ಬರೂ ಬರಲು ಒಪ್ಪಿದ್ದಾರೆ. ಸಹಿ ಮಾಡಿದ ಮೇಲೆ ತರಬೇಡಿರಿ, ಅದಕ್ಕೆ ಮೊದಲು ತನ್ನಿರಿ. ಜ್ಞಾನಸ್ನಾನದ ಪತ್ರ ಬೇಕಾದವರು ಹಿಂದಿನ ದಿನವೇ ತಿಳಿಸಿದರೆ ಉಪಕಾರವಾಗುತ್ತದೆ. ಹಳೆಯ ದಾಖಲೆ ಪುಸ್ತಕಗಳ ಹಾಳೆಗಳು ಬಹಳ ಸವೆದಿವೆ, ಹುಡುಕಲು ಹೊತ್ತು ಹಿಡಿಯುತ್ತದೆ.