ಆ ಬೋಗಿಯ ಬಣ್ಣ ಯಾರಪ್ಪನ ಆಸ್ತಿ?

ಇವತ್ತು ರಾಜಕೀಯ ಬೇಡ, ಆಟಿಕೆ ರೈಲಿನ ಬಗ್ಗೆ ಮಾತಾಡೋಣ. ಬೆಳಗಿನ ಮೀಟಿಂಗಲ್ಲಿ ಹೀಗಂದಾಗ ನಮ್ಮ ಹುಡುಗರು ನಕ್ಕರು. ಇದರ ಹಿಂದೆ ಕೋರ್ಟು, ಕಚೇರಿ, ದುಡ್ಡು, ದೌರ್ಜನ್ಯ ಎಲ್ಲಾ ಇದೆ ಕಣ್ರಯ್ಯಾ, ಸ್ವಲ್ಪ ಕೇಳಿ ಅಂದೆ. ನೀವೂ ಕೇಳಿ.

ಆಟಿಕೆ ಅಂದ್ನಲ್ಲ, ಅದೇ ತಪ್ಪು ಪದ. ಇದನ್ನ ಸಂಗ್ರಹಿಸೋ ಅಮೆರಿಕದ ಜನರ ಮುಂದೆ ಹಾಗಂದರೆ ಜಗಳಕ್ಕೇ ಬರ್ತಾರೆ. ಅವರ ಪಾಲಿಗೆ ಅದು ಮಾಡೆಲ್. ಎಚ್‌ಒ ಅಂತ ಒಂದು ಅಳತೆಯಿದೆ, ಅಸಲಿಯ 87ನೇ ಒಂದು ಭಾಗ. ನಲವತ್ತು ಅಡಿ ಉದ್ದದ ಗೂಡ್ಸ್ ಬೋಗಿ ಐದೂವರೆ ಇಂಚಾಗುತ್ತೆ, ಅಂಗೈಯಲ್ಲಿ ಕೂರುತ್ತೆ. ಆದ್ರೆ ಅದು ಯಾವುದೋ ಒಂದು ಬೋಗಿ ಆಗಿರಬಾರದು. ಯಾವ ಕಂಪನಿ ಕಟ್ಟಿದ್ದು, ಯಾವ ವರ್ಷದ್ದು, ಏಣಿಗೆ ಎಷ್ಟು ಮೆಟ್ಟಿಲು, ಬಾಗಿಲು ಎಂಥದ್ದು, ಮೈಮೇಲೆ ಬರೆದ ನಂಬರ್ ಯಾವುದು, ಎಲ್ಲವೂ ಒಂದಾನೊಂದು ಕಾಲದಲ್ಲಿ ಹಳಿಯ ಮೇಲೆ ನಿಜವಾಗಿ ಓಡಿದ ಬೋಗಿಗೆ ತಾಳೆಯಾಗಬೇಕು. ಆ ಅಸಲಿಯನ್ನ ಪ್ರೋಟೋಟೈಪ್ ಅಂತಾರೆ. ಕಂಪನಿಯೊಂದು ತನ್ನ ಹಳೇ ಅಚ್ಚಿನಿಂದಲೇ ಬೋಗಿ ತೆಗೆದು, ಅಂಥ ಬೋಗಿಯನ್ನ ಯಾವತ್ತೂ ಇಟ್ಟುಕೊಳ್ಳದ ರೈಲ್ವೆಯ ಬಣ್ಣ ಬಳಿದು ಮಾರಿದರೆ ಅದಕ್ಕೆ 'ಫೂಬಿ' ಅಂತ ಅಡ್ಡಹೆಸರು. ನಮ್ಮಲ್ಲಿ ನಕಲಿ ಜಾತಿ ಪ್ರಮಾಣಪತ್ರ ಇದ್ದ ಹಾಗೆ!

ಇಷ್ಟೊಂದು ಹಟ ಯಾಕ್ರೀ ಅಂತ ಕೇಳಬಹುದು. ಒಂದೇ ಒಂದು ಬೋಗಿಯ ಕಥೆ ಹೇಳ್ತೀನಿ. ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್. 1906ರಲ್ಲಿ ಯೂನಿಯನ್ ಪೆಸಿಫಿಕ್ ಮತ್ತು ಸದರ್ನ್ ಪೆಸಿಫಿಕ್ ಎಂಬ ಎರಡು ರೈಲ್ವೆ ಕಂಪನಿಗಳು ಸೇರಿ ಶುರು ಮಾಡಿದ ಸಂಸ್ಥೆ. ಅದರ ಕಿತ್ತಳೆ ಬಣ್ಣದ ಬೋಗಿಗಳು ಕ್ಯಾಲಿಫೋರ್ನಿಯಾದ ಹಣ್ಣು, ತರಕಾರಿಯನ್ನ ದೇಶದ ಇನ್ನೊಂದು ತುದಿಗೆ ಸಾಗಿಸ್ತಿದ್ದವು. ಫ್ರಿಜ್ ಇಲ್ಲದ ಕಾಲ. ಬೋಗಿಯ ಎರಡೂ ತುದಿಯಲ್ಲಿ ಐಸ್ ತುಂಬೋ ತೊಟ್ಟಿ, ಛಾವಣಿಯ ಮೂಲೆಗಳಲ್ಲಿ ಅದಕ್ಕೆ ಮುಚ್ಚಳ. ದಾರಿಯುದ್ದಕ್ಕೂ ಐಸ್ ಕಟ್ಟೆಗಳು. ಗಾಡಿ ನಿಂತ ತಕ್ಷಣ ಕೂಲಿಯವರು ಛಾವಣಿ ಏರಿ, ಮುನ್ನೂರು ಪೌಂಡ್ ಅಂದ್ರೆ ಸುಮಾರು 136 ಕಿಲೋ ತೂಕದ ಮಂಜಿನ ಗಡ್ಡೆಗಳನ್ನ ಒಡೆದು ಒಳಗೆ ಇಳಿಸಬೇಕಿತ್ತು. ಬಿಸಿಲಿರಲಿ, ಹಿಮ ಬೀಳ್ತಿರಲಿ. ಆಮೇಲೆ ಯಂತ್ರದಿಂದ ತಂಪು ಮಾಡೋ ಬೋಗಿಗಳು ಬಂದವು, ಐಸ್ ಕಟ್ಟೆಗಳು ಹಾಳುಬಿದ್ದವು, ಕೂಲಿಯವರು ಮನೆಗೆ ಹೋದರು. ಈಗ ಐದೂವರೆ ಇಂಚಿನ ಆ ಕಿತ್ತಳೆ ಬೋಗಿಯ ಮೇಲಿರೋ ಚಿಕ್ಕ ಮುಚ್ಚಳವನ್ನ ಬೆರಳಲ್ಲಿ ಮುಟ್ಟಿದರೆ ಇಡೀ ಒಂದು ಕಸುಬು ಅಲ್ಲಿದೆ. ಮುಚ್ಚಳ ಬಿಟ್ಟು ಬೋಗಿ ಮಾಡಿದರೆ? ಆಗ ಅದು ನಿಜವಾಗ್ಲೂ ಆಟಿಕೆ.

ಸರಿ, ಜಗಳಕ್ಕೆ ಬರೋಣ.

ಅಮೆರಿಕದಲ್ಲಿ ರೈಲ್ವೆ ಅಂದ್ರೆ ಸರ್ಕಾರದ್ದಲ್ಲ, ಹೆಚ್ಚಿನವು ಖಾಸಗಿ ಕಂಪನಿಗಳು. ದೊಡ್ಡವು ಸಣ್ಣವನ್ನ ನುಂಗ್ತಾ ಬಂದವು. 1982ರಲ್ಲಿ ಮಿಸೌರಿ ಪೆಸಿಫಿಕ್, ವೆಸ್ಟರ್ನ್ ಪೆಸಿಫಿಕ್. 1988ರಲ್ಲಿ ಕೇಟಿ. 1995ರಲ್ಲಿ ಶಿಕಾಗೊ ಅಂಡ್ ನಾರ್ತ್ ವೆಸ್ಟರ್ನ್. 1996ರಲ್ಲಿ ಸದರ್ನ್ ಪೆಸಿಫಿಕ್. ಇಷ್ಟನ್ನೂ ನುಂಗಿದ್ದು ಒಂದೇ ಯೂನಿಯನ್ ಪೆಸಿಫಿಕ್. ಸತ್ತ ಈ ಕಂಪನಿಗಳನ್ನ ಸಂಗ್ರಾಹಕರು 'ಬಿದ್ದ ಬಾವುಟಗಳು' ಅಂತ ಕರೀತಾರೆ. ಹಳಿಯ ಮೇಲೆ ಆ ಬಣ್ಣಗಳು ಮಾಯವಾದವು. ಉಳಿದದ್ದು ಫೋಟೋದಲ್ಲಿ, ಮ್ಯೂಸಿಯಂನಲ್ಲಿ, ಮತ್ತೆ ಈ ಜನರ ಕಪಾಟಿನಲ್ಲಿ.

2004ರಲ್ಲಿ ಯೂನಿಯನ್ ಪೆಸಿಫಿಕ್ ಕೋರ್ಟಿಗೆ ಹೋಯ್ತು. ಯಾರ ಮೇಲೆ? ಅಥರ್ನ್, ಲಯೊನೆಲ್ ಎಂಬ ಮಾಡೆಲ್ ತಯಾರಕರ ಮೇಲೆ. ಆರೋಪ ಏನು? ನಮ್ಮ ಲಾಂಛನ ಬಳಸ್ತಿದ್ದೀರಿ, ಲೈಸೆನ್ಸ್ ತಗೊಳ್ಳಿ, ದುಡ್ಡು ಕೊಡಿ. ಬರೀ ತನ್ನ ಹೆಸರಿಗಲ್ಲ ಸ್ವಾಮಿ, ತಾನು ನುಂಗಿದ ಆ ಸತ್ತ ಕಂಪನಿಗಳ ಹೆಸರು, ಲಾಂಛನಕ್ಕೂ!

ಕಂಪನಿಯ ವಾದವನ್ನೂ ನ್ಯಾಯವಾಗಿ ಹೇಳಿಬಿಡ್ತೀನಿ. ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ನಿಮ್ಮ ಗುರುತನ್ನ ನೀವು ಕಾಯದಿದ್ದರೆ ಅದು ಕೈತಪ್ಪಿ ಹೋಗಬಹುದು. ಹಾಗಾಗಿ ವಕೀಲರಿಗೆ ಭಯ ಇರೋದು ಸಹಜ. ಒಪ್ಪೋಣ. ಆದ್ರೆ ದಶಕಗಳ ಕಾಲ ಇದೇ ರೈಲ್ವೆಗಳು ಮಾಡೆಲ್ ರೈಲನ್ನ ಪುಕ್ಕಟೆ ಪ್ರಚಾರ ಅಂತ ನೋಡಿದ್ದವು. ಮಕ್ಕಳು ನಮ್ಮ ಹೆಸರಿರೋ ಗಾಡಿ ಓಡಿಸಲಿ ಅಂತ ಖುಷಿಪಟ್ಟಿದ್ದವು. ಅಷ್ಟೇ ಅಲ್ಲ. ಯೂನಿಯನ್ ಪೆಸಿಫಿಕ್ ಹುಟ್ಟಿದ್ದು ಹೇಗೆ? 1862ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿದ ಕಾಯ್ದೆಯಿಂದ. ಸರ್ಕಾರ ಭೂಮಿ ಕೊಟ್ಟಿತು, ಸಾಲದ ಬಾಂಡ್ ಕೊಟ್ಟಿತು. ಜನರ ಜಮೀನಿನ ಮೇಲೆ ಹಳಿ ಹಾಕಿ, ಊರೂರ ಮಧ್ಯೆ ಬಣ್ಣದ ಬೋಗಿ ಓಡಿಸಿ, ನೂರನಲವತ್ತು ವರ್ಷ ಆದ್ಮೇಲೆ, ಅದರ ಐದೂವರೆ ಇಂಚಿನ ನೆನಪಿಗೆ ಬಾಡಿಗೆ ಕೇಳೋದು ಯಾವ ಸೀಮೆ ನ್ಯಾಯ?

ಎಂ.ಟಿ.ಎಚ್. ಎಂಬ ತಯಾರಕರು ಮಾತ್ರ ಪಟ್ಟು ಬಿಡಲಿಲ್ಲ. ಜನ ಕೂಗಾಡಿದರು. ಕೊನೆಗೆ 2006ರಲ್ಲಿ ರಾಜಿಯಾಯ್ತು. ಮಾಡೆಲ್ ತಯಾರಕರಿಂದ ರಾಯಧನ ವಸೂಲಿ ಮಾಡಲ್ಲ ಅಂತ ರೈಲ್ವೆ ಕಂಪನಿ ಒಪ್ಪಿತು. ದೈತ್ಯ ಕಂಪನಿಯೊಂದು ಕಪಾಟಿನ ಗೊಂಬೆ ರೈಲಿನ ಮುಂದೆ ಬ್ರೇಕ್ ಹಾಕಿತು. ನನಗಂತೂ ಇದು ಬಲು ಇಷ್ಟವಾದ ಸುದ್ದಿ.

ಹಾಗಂತ ಈ ಸಂಗ್ರಾಹಕರಿಗೆ ಪೂರ್ತಿ ಮಾರ್ಕ್ಸ್ ಕೊಡಲ್ಲ. ರಿವೆಟ್ ಎಣಿಸೋ ಕಣ್ಣು ಕೆಲವನ್ನ ನೋಡಲ್ಲ. ವಾಷಿಂಗ್ಟನ್‌ನಲ್ಲಿ ಆಫ್ರಿಕನ್ ಅಮೆರಿಕನ್ನರ ರಾಷ್ಟ್ರೀಯ ಮ್ಯೂಸಿಯಂ ಇದೆ, 2016ರಲ್ಲಿ ತೆರೆದದ್ದು. ಅಲ್ಲಿ ಒಂದು ನಿಜವಾದ ಪ್ಯಾಸೆಂಜರ್ ಬೋಗಿಯಿದೆ. ಸದರ್ನ್ ರೈಲ್ವೆಯ 1200ನೇ ನಂಬರ್, 1922ರಲ್ಲಿ ಪುಲ್‌ಮನ್ ಕಂಪನಿ ಕಟ್ಟಿದ್ದು. ಅದು ಎಷ್ಟು ದೊಡ್ಡದು ಅಂದ್ರೆ, ಕಟ್ಟಡ ಏಳುವ ಮೊದಲೇ ಕ್ರೇನಿನಲ್ಲಿ ಬೋಗಿ ಇಳಿಸಿ, ಆಮೇಲೆ ಸುತ್ತ ಗೋಡೆ ಎಬ್ಬಿಸಿದರು. ಒಳಗೆ ನಡುವೆ ಒಂದು ಅಡ್ಡಗೋಡೆ. ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಕರಿಯರು. ಬಿಳಿಯರ ಕಡೆ ದೊಡ್ಡ ಶೌಚಾಲಯ, ಕೂರೋಕೆ ಜಾಗ. ಕರಿಯರ ಕಡೆ ಇಕ್ಕಟ್ಟಿನದು. ಹೊರಗಿನಿಂದ ನೋಡಿದರೆ ಚೆಂದದ ಹಸಿರು ಬೋಗಿ. ಅಸಲಿಗೆ ನಿಷ್ಠೆ ಅಂತ ಹಟ ಹಿಡಿಯೋರು ಆ ಅಡ್ಡಗೋಡೆಯನ್ನೂ ಮಾಡಬೇಕು ತಾನೇ? ಪುಲ್‌ಮನ್ ಬೋಗಿಗಳಲ್ಲಿ ಹಾಸಿಗೆ ಹಾಕಿಕೊಡ್ತಿದ್ದ ಕರಿಯ ಕೆಲಸಗಾರರನ್ನ ಪ್ರಯಾಣಿಕರು 'ಜಾರ್ಜ್' ಅಂತ ಕೂಗ್ತಿದ್ರು, ಮಾಲೀಕ ಜಾರ್ಜ್ ಪುಲ್‌ಮನ್ ಹೆಸರಲ್ಲಿ. ಅವರಿಗೆ ಸ್ವಂತ ಹೆಸರೂ ಇರಲಿಲ್ಲ ಅನ್ನೋ ಥರ. ಅವರು 1925ರಲ್ಲಿ ಸಂಘ ಕಟ್ಟಿ, ಕಂಪನಿ ಜೊತೆ ಒಪ್ಪಂದ ಮಾಡಿಸಿಕೊಳ್ಳೋ ಹೊತ್ತಿಗೆ 1937 ಬಂತು.

ಇನ್ನು ನಮ್ಮದು. ಪೆರಂಬೂರಿನ ಐಸಿಎಫ್ 1955ರಿಂದ ಬೋಗಿ ಮಾಡ್ತಾ ಬಂತು, ಸ್ವಿಸ್ ಕಂಪನಿಯ ವಿನ್ಯಾಸದಲ್ಲಿ. ನಮ್ಮ ಬೆಂಗಳೂರಿನ ಬೆಮೆಲ್‌ನಲ್ಲೂ ರೈಲು ಬೋಗಿ ತಯಾರಾಯ್ತು. ಮೊದಲು ಕೆಂಗಂದು, ಆಮೇಲೆ ನೀಲಿ. ಕಿಟಕಿಗೆ ಅಡ್ಡ ಸರಳು. ನಾವೆಲ್ಲ ಅದರಲ್ಲೇ ಊರಿಗೆ ಹೋದವರು, ಮದುವೆಗೆ ಹೋದವರು, ಕೆಲಸ ಹುಡುಕಿ ಬಂದವರು. ಐಸಿಎಫ್ ಹಳೇ ವಿನ್ಯಾಸದ ಕೊನೇ ಬೋಗಿಯನ್ನ 2018ರ ಜನವರಿಯಲ್ಲಿ ಹೊರಗೆ ಬಿಟ್ಟಿತು. ಈಗ ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಕಾಲ. ಅದು ಹೆಚ್ಚು ಸುರಕ್ಷಿತ, ಬರಲೇಬೇಕು, ತಕರಾರಿಲ್ಲ.

ನನ್ನ ಪ್ರಶ್ನೆ ರೈಲ್ವೆ ಇಲಾಖೆಗೆ. ಹಳೇ ಬೋಗಿಗಳು ಒಂದೊಂದಾಗಿ ಗುಜರಿಗೆ ಹೋಗ್ತಿವೆ. ಅವುಗಳ ನಕ್ಷೆ, ಅಳತೆ, ಯಾವ ವರ್ಷ ಯಾವ ಬಣ್ಣ ಅನ್ನೋ ಪಟ್ಟಿಯನ್ನ ಸಾಮಾನ್ಯ ಜನರ ಕೈಗೆ ಸಿಗೋ ಹಾಗೆ ಮುದ್ರಿಸಿ ಕೊಡಿ. ಸೆಕೆಂಡ್ ಕ್ಲಾಸಿನ ಮರದ ಸೀಟು ಎಷ್ಟು ಅಗಲ ಇತ್ತು ಅನ್ನೋದೂ ಅದರಲ್ಲಿರಲಿ. ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಒಬ್ಬ ಹುಡುಗ ರಟ್ಟು ಕತ್ತರಿಸಿಕೊಂಡು ಕೂತಿರ್ತಾನೆ, ಅವನಿಗೆ ಬೇಕಾಗಿರೋದು ಅಷ್ಟೇ.