ಅಕ್ಕ ಸಹಿ ಹಾಕುವ ಮೊದಲು ಆ ಕಾಗದ ನೀವು ಓದಿ

(ಗಡಿನಾಡ ಯುವಕ ಯುವತಿಯರ ಕೂಟದಲ್ಲಿ ವಕೀಲರೊಬ್ಬರು ಆಡಿದ ಮಾತುಗಳ ಬರಹ ರೂಪ)

ಇವತ್ತಿನ ವಿಷಯ ಹೇಳಿದ ಕೂಡಲೇ ಕೆಲವರು ಮುಖ ಮುಖ ನೋಡಿಕೊಂಡ್ರಿ. "ನಮಗೆ ಇನ್ನೂ ಮದುವೆಯೇ ಆಗಿಲ್ಲ ಸರ್, ಡೈವೋರ್ಸ್ ಕಾಗದದ ಸುದ್ದಿ ನಮಗ್ಯಾಕೆ?" ಅಂತ ಒಬ್ಬ ತಮ್ಮ ಕೇಳಿಯೂ ಬಿಟ್ಟ. ಯಾಕೆಂದರೆ ನಮ್ಮ ಮನೆಗಳಲ್ಲಿ ಸರ್ಕಾರಿ ಕಾಗದ ಓದುವವರು ನೀವೇ. ಅಪ್ಪ ಅಮ್ಮ ಕನ್ನಡ ಶಾಲೆಯಲ್ಲಿ ಕಲಿತವರು. ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಮಾತಾಡ್ತಾರೆ, ಆದರೆ ಕೋರ್ಟಿನ ಭಾಷೆ ಓದಿದರೆ ತಲೆಗೆ ಹತ್ತೋದಿಲ್ಲ. ರೇಷನ್ ಕಾರ್ಡಿನಿಂದ ಜಮೀನಿನ ನೋಟೀಸಿನವರೆಗೆ ಎಲ್ಲಾ ನಿಮ್ಮ ಕೈಗೇ ಬರುತ್ತೆ. ಅಕ್ಕನ ಸಂಸಾರ ಮುರಿದರೆ ಆ ಕಾಗದವೂ ನಿಮ್ಮ ಕೈಗೇ ಬರುತ್ತೆ.

ಕೆಲವು ವರ್ಷದ ಹಿಂದೆ ಹಾಗೆಯೇ ಒಬ್ಬ ಹುಡುಗ ತನ್ನ ಅಕ್ಕನನ್ನು ಕರೆದುಕೊಂಡು ನನ್ನ ಹತ್ರ ಬಂದ. ಇಬ್ಬರು ಮಕ್ಕಳು, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ. ಹಿರಿಯರು ಕೂತು ಮಾತಾಡಿ ಮೂರು ಪುಟದ ಒಪ್ಪಂದ ಬರೆಸಿದ್ದರು. ಅದರಲ್ಲಿ ಏನಿದೆ ಅಂತ ಕೇಳಿದೆ. "ಮಕ್ಕಳು ನನ್ನ ಹತ್ರ ಇರ್ತಾರೆ ಅಂತ ಇದೆಯಂತೆ ಸರ್" ಅಂದಳು. ಆ "ಅಂತೆ" ಕೇಳಿ ನನಗೆ ಎದೆ ಧಸಕ್ಕಂತು. ಓದಿ ನೋಡಿದರೆ ಮಕ್ಕಳು ಅವಳ ಹತ್ರ ಇರ್ತಾರೆ ಅನ್ನೋದು ನಿಜ. ಆದರೆ ನಾಲ್ಕನೇ ಪ್ಯಾರಾದಲ್ಲಿ, ಒಂದೇ ಸಲ ಕೊಡುವ ಒಂದು ಮೊತ್ತಕ್ಕೆ ಬದಲಾಗಿ ಅವಳೂ ಮಕ್ಕಳೂ ಮುಂದೆ ಯಾವತ್ತೂ ಏನೂ ಕೇಳುವ ಹಾಗಿಲ್ಲ ಅಂತಲೂ ಇತ್ತು. ಅದನ್ನು ಅವಳಿಗೆ ಯಾರೂ ಓದಿ ಹೇಳಿರಲಿಲ್ಲ. ಪುಣ್ಯಕ್ಕೆ ಇನ್ನೂ ಸಹಿ ಆಗಿರಲಿಲ್ಲ.

ಅದಕ್ಕೇ ಈ ಮಾತು. ನಾಲ್ಕು ಸಂಗತಿ ನೆನಪಿಟ್ಟುಕೊಳ್ಳಿ.

*ಒಂದು: ಸ್ಟಾಂಪ್ ಪೇಪರ್ ಅಂದರೆ ವಿಚ್ಛೇದನ ಅಲ್ಲ*

ಸೊಲ್ಲಾಪುರ, ಅಕ್ಕಲಕೋಟೆ ಕಡೆ ಸೋಡಚೀಟಿ ಅಂತಾರೆ, ಬೇರೆ ಕಡೆ ಬಿಡುಗಡೆ ಪತ್ರ ಅಂತಾರೆ. ನೋಟರಿ ಸೀಲು ಬಿದ್ದ ಮಾತ್ರಕ್ಕೆ ಮದುವೆ ಮುರಿಯೋದಿಲ್ಲ. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನು 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಉಳಿಸಿದೆ, ನಿಜ. ಆದರೆ ಪ್ರಶ್ನೆ ಬಂದಾಗ ಆ ರೂಢಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅದು ಸುಲಭದ ಕೆಲಸ ಅಲ್ಲ. ಸಾಬೀತಾಗದೆ ಹೋದರೆ, ಆ ಕಾಗದ ನಂಬಿ ಎರಡನೇ ಮದುವೆ ಆದವರು ಅಪರಾಧಿ ಸ್ಥಾನದಲ್ಲಿ ನಿಲ್ಲಬೇಕಾಗುತ್ತೆ.

ಸರಿಯಾದ ದಾರಿ ಅದೇ ಕಾಯ್ದೆಯ 13ಬಿ ಕಲಂ, ಅಂದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನ. ಗಂಡ ಹೆಂಡತಿ ಕನಿಷ್ಠ ಒಂದು ವರ್ಷದಿಂದ ಬೇರೆ ಇರಬೇಕು. ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಆಮೇಲೆ 6 ತಿಂಗಳು ಕಳೆದು, 18 ತಿಂಗಳ ಒಳಗೆ, ಮತ್ತೆ ಬಂದು "ನಮ್ಮ ಒಪ್ಪಿಗೆ ಈಗಲೂ ಇದೆ" ಅನ್ನಬೇಕು. ಎಲ್ಲಾ ಇತ್ಯರ್ಥವಾಗಿದ್ದರೆ, ಸಂಸಾರ ಮತ್ತೆ ಕೂಡುವ ಆಸೆ ಇಲ್ಲದಿದ್ದರೆ, ಈ 6 ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಡಿಕ್ರಿ ಆಗುವ ತನಕ ಒಬ್ಬರು ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದು ಅನ್ನೋದೂ ಗೊತ್ತಿರಲಿ. ಮುಸ್ಲಿಮರಿಗೆ, ಕ್ರೈಸ್ತರಿಗೆ ವಿಚ್ಛೇದನದ ಕಾನೂನು ಬೇರೆ. ಆದರೆ ಮಕ್ಕಳ ವಿಷಯದಲ್ಲಿ ನಾನು ಮುಂದೆ ಹೇಳುವ ಎಚ್ಚರಿಕೆ ಎಲ್ಲರಿಗೂ ಒಂದೇ.

ಇಬ್ಬರ ನಡುವಿನ ಒಪ್ಪಂದವನ್ನು ಈ ಅರ್ಜಿಯ ಜೊತೆ ಕೊಟ್ಟು, ಅದು ಡಿಕ್ರಿಯ ಭಾಗ ಆಗುವ ಹಾಗೆ ನೋಡಿಕೊಳ್ಳಿ. ಆಗ ದುಡ್ಡು ಬರದಿದ್ದರೆ ಜಾರಿಗೆ ಅರ್ಜಿ ಹಾಕಬಹುದು. ಇಲ್ಲವಾದರೆ ಅದು ಪೆಟ್ಟಿಗೆಯಲ್ಲಿ ಕೂತ ಕಾಗದ ಅಷ್ಟೇ.

*ಎರಡು: ಮಗುವಿನ ಹಕ್ಕನ್ನು ದೊಡ್ಡವರು ಮಾರುವ ಹಾಗಿಲ್ಲ*

ಹೆಂಡತಿ ತನ್ನ ಪಾಲಿನ ಬಗ್ಗೆ ರಾಜಿ ಮಾಡಿಕೊಳ್ಳಬಹುದು. ಆದರೆ ಮಗುವಿನ ಜೀವನಾಂಶ ಮಗುವಿನದು. "ಮಕ್ಕಳು ಮುಂದೆ ಏನೂ ಕೇಳಬಾರದು" ಅಂತ ಅಮ್ಮ ಸಹಿ ಹಾಕಿದರೂ ಮಗುವನ್ನು ಅದು ಕಟ್ಟಿಹಾಕೋದಿಲ್ಲ. ಕಸ್ಟಡಿ, ಜೀವನಾಂಶ, ಓದು, ಈ ಮೂರರ ಬಗ್ಗೆ ಡಿಕ್ರಿ ಆದ ಮೇಲೂ ಆದೇಶ ಬದಲಿಸುವ ಅಧಿಕಾರ 26ನೇ ಕಲಂ ಪ್ರಕಾರ ಕೋರ್ಟಿಗೆ ಇದೆ. ಸಹಿ ಹಾಕಿ ಆಗಿದೆ ಅಂತ ಯಾರಾದರೂ ಅಳುತ್ತಾ ಬಂದರೆ ಇದನ್ನು ಹೇಳಿ, ಧೈರ್ಯ ಬರುತ್ತೆ.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅಂತ 1956ರ ಹಿಂದೂ ಅಪ್ರಾಪ್ತ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತೆ. ಅದಕ್ಕಿಂತ ದೊಡ್ಡ ಮಾತು ಮಗುವಿನ ಹಿತ. ಕೋರ್ಟು ಕೊನೆಗೆ ತೂಗುವುದು ಅದನ್ನೇ, ಅಪ್ಪನ ಹಠವನ್ನೂ ಅಲ್ಲ, ಅಮ್ಮನ ಸಿಟ್ಟನ್ನೂ ಅಲ್ಲ.

*ಮೂರು: ಒಂದೊಂದನ್ನೂ ಬಿಡಿಸಿ ಬರೆಯಿಸಿ*

"ಗಂಡ ಸೂಕ್ತ ಮೊತ್ತ ಕೊಡತಕ್ಕದ್ದು", "ತಂದೆ ಅನುಕೂಲದಂತೆ ಮಗುವನ್ನು ನೋಡಬಹುದು". ಇಂಥಾ ಸಾಲು ಕಂಡರೆ ಅಲ್ಲೇ ನಿಲ್ಲಿ. ಸೂಕ್ತ ಅಂದರೆ ಎಷ್ಟು? ಅನುಕೂಲ ಯಾರದು?

ಭೇಟಿ: ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿಂದ ಕರೆದೊಯ್ಯುವುದು, ಯಾರು ವಾಪಸ್ ಬಿಡುವುದು. ದಸರಾ ರಜೆ, ಬೇಸಿಗೆ ರಜೆ, ಮಗುವಿನ ಹುಟ್ಟುಹಬ್ಬ ಹೇಗೆ ಹಂಚಿಕೆ. ಅಪ್ಪ ಗಲ್ಫಿನಲ್ಲಿದ್ದರೆ ವಿಡಿಯೋ ಕಾಲ್ ಯಾವ ದಿನ, ಎಷ್ಟು ಹೊತ್ತಿಗೆ. ಅಜ್ಜ ಅಜ್ಜಿಯನ್ನು ಮರೆಯಬೇಡಿ. ಮಗುವಿಗೆ ಅವರು ಮಾಜಿ ಆಗೋದಿಲ್ಲ.

ಹಣ: ಎಷ್ಟು, ಯಾವ ತಾರೀಖಿನೊಳಗೆ, ಯಾವ ಬ್ಯಾಂಕ್ ಖಾತೆಗೆ. ವರ್ಷ ವರ್ಷ ಏರಿಕೆ ಎಷ್ಟು. ತಿಂಗಳಿಗೆ 8,000 ರೂಪಾಯಿ, ವರ್ಷಕ್ಕೆ ಶೇ. 8 ಏರಿಕೆ ಅಂತ ಬರೆದರೆ ಹತ್ತನೇ ವರ್ಷಕ್ಕೆ ಅದು ಹತ್ತಿರ ಹತ್ತಿರ 16,000 ಆಗುತ್ತೆ. ಏರಿಕೆ ಬರೆಯದಿದ್ದರೆ ಆಗಲೂ 8,000. ಹತ್ತು ವರ್ಷದಲ್ಲಿ ಅಕ್ಕಿ ಬೆಲೆ ನಿಂತಲ್ಲೇ ನಿಂತಿರುತ್ತಾ? ಶಾಲೆ ಫೀಸು, ಆಸ್ಪತ್ರೆ ಖರ್ಚು ಇದರೊಳಗೋ ಹೊರಗೋ ಅಂತಲೂ ಬರೆಯಿಸಿ. ಮಗು 18ಕ್ಕೆ ಪ್ರಾಪ್ತ ವಯಸ್ಕ ಆಗುತ್ತೆ, ಡಿಗ್ರಿ ಮಾತ್ರ 18ಕ್ಕೆ ಮುಗಿಯೋದಿಲ್ಲ. ಓದು ಮುಗಿಯುವ ತನಕ ಅಂತ ಸೇರಿಸಿ. ಇಬ್ಬರ ಆದಾಯ, ಆಸ್ತಿ, ಸಾಲ ತೋರಿಸುವ ಅಫಿಡವಿಟ್ ಇಲ್ಲದೆ ಮೊತ್ತದ ಚೌಕಾಸಿಗೆ ಕೂರಬೇಡಿ. ಜೀವನಾಂಶದ ಕೇಸುಗಳಲ್ಲಿ ಅದನ್ನು ಸುಪ್ರೀಂ ಕೋರ್ಟು 2020ರಲ್ಲಿ ಕಡ್ಡಾಯ ಮಾಡಿದೆ.

ಕಾಗದಗಳು: ಜನನ ಪ್ರಮಾಣಪತ್ರ, ಆಧಾರ್, ಟಿ.ಸಿ. ಯಾರ ಹತ್ರ ಇರಬೇಕು, ಪಾಸ್‌ಪೋರ್ಟಿಗೆ ಇನ್ನೊಬ್ಬರು ಒಪ್ಪಿಗೆ ಕೊಡ್ತಾರಾ?

ಊರು ಬದಲು: ಇದು ಗಡಿಯವರಾದ ನಮಗೆ ದೊಡ್ಡ ವಿಷಯ. ಅಮ್ಮನ ತವರು ಪುತ್ತೂರು, ಅಪ್ಪನ ಮನೆ ಮಂಜೇಶ್ವರ. ಬಸ್ಸಿನಲ್ಲಿ ಹೋದರೆ ಹತ್ತಿರ, ಕಾಗದದಲ್ಲಿ ಎರಡು ರಾಜ್ಯ. ಮಗುವನ್ನು ಇನ್ನೊಂದು ರಾಜ್ಯಕ್ಕೆ ಸ್ಥಳಾಂತರಿಸುವ ಮೊದಲು ಎಷ್ಟು ದಿನ ಮುಂಚೆ ತಿಳಿಸಬೇಕು ಅಂತ ಬರೆಯಿಸಿ. ಯಾಕೆಂದರೆ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆ ಪ್ರಕಾರ, ಮಗು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತೋ ಅಲ್ಲಿನ ಕೋರ್ಟಿನಲ್ಲೇ ಕಸ್ಟಡಿ ಅರ್ಜಿ ನಡೆಯುತ್ತೆ.

ಶಾಲೆ: ಮಗು ಯಾವ ಮಾಧ್ಯಮದಲ್ಲಿ ಓದಬೇಕು? ಸಂಸಾರ ಮುರಿದಾಗ ಮಗುವಿನ ಮನೆ ಬದಲಾಗುತ್ತೆ, ಗೆಳೆಯರು ಬದಲಾಗ್ತಾರೆ. ಅದರ ಮೇಲೆ ಕನ್ನಡ ಶಾಲೆಯಿಂದ ತೆಗೆದು ಗೊತ್ತಿಲ್ಲದ ಭಾಷೆಯ ಕ್ಲಾಸಿನಲ್ಲಿ ಕೂರಿಸಿದರೆ ಅದಕ್ಕೆ ಹಿಡಿದುಕೊಳ್ಳಲಿಕ್ಕೆ ಏನು ಉಳಿಯಿತು? ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕೊಡಬೇಕು ಅಂತ ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತೆ. ನಮ್ಮದೇ ಒಪ್ಪಂದ ಪತ್ರದಲ್ಲಿ ಅದಕ್ಕೊಂದು ಸಾಲು ಇರಲಿ.

*ನಾಲ್ಕು: ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಸಹಿ ಬೇಡ*

ಕೋರ್ಟಿನ ಕಾಗದ ರಾಜ್ಯ ಭಾಷೆಯಲ್ಲೋ ಇಂಗ್ಲಿಷಿನಲ್ಲೋ ಇರಲಿ, ತೊಂದರೆ ಇಲ್ಲ. ಆದರೆ ಪೂರ್ತಿ ಕನ್ನಡ ಅನುವಾದ ಕೈಗೆ ಬರುವ ತನಕ ಸಹಿ ಹಾಕಬಾರದು. ಕೊನೆಯಲ್ಲಿ "ಇದನ್ನು ಕನ್ನಡದಲ್ಲಿ ಓದಿ ಹೇಳಲಾಗಿದೆ, ಅರ್ಥ ಮಾಡಿಕೊಂಡು ಸಹಿ ಹಾಕಿದ್ದೇನೆ" ಅನ್ನುವ ಸಾಲು ಮತ್ತು ಓದಿ ಹೇಳಿದವರ ಸಹಿ ಇರಲಿ. ಅನುವಾದ ಮಾಡುವುದು ನಿಮ್ಮ ಕೆಲಸ. ಕಾನೂನು ಸಲಹೆ ಕೊಡುವುದು ನಿಮ್ಮ ಕೆಲಸ ಅಲ್ಲ, ಅದನ್ನು ವಕೀಲರಿಗೆ ಬಿಡಿ. ಇಬ್ಬರಿಗೂ ಒಬ್ಬರೇ ವಕೀಲರು ಬೇಡ, ಅಕ್ಕನಿಗೆ ಅಕ್ಕನದೇ ವಕೀಲರಿರಲಿ.

ದುಡ್ಡಿಲ್ಲ ಅನ್ನಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗ್ತಾರೆ. ತಾಲೂಕು, ಜಿಲ್ಲಾ ಕೋರ್ಟಿನಲ್ಲೇ ವಿಚಾರಿಸಿ. ಸಹಾಯವಾಣಿ ನಂಬರು 15100, ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಇನ್ನೊಂದು ಮಾತು, ಹೊಡೆತ ಬಡಿತ ಇದ್ದ ಮನೆಯಲ್ಲಿ "ಹೇಗಾದರೂ ರಾಜಿ ಮಾಡಿ" ಅಂತ ಒತ್ತಾಯಿಸಬೇಡಿ. ಅಲ್ಲಿ ಮೊದಲು ರಕ್ಷಣೆ, ಆಮೇಲೆ ಒಪ್ಪಂದ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮಕ್ಕಳ ತಾತ್ಕಾಲಿಕ ಕಸ್ಟಡಿಯನ್ನೂ ಕೇಳಬಹುದು.

ಆ ಹುಡುಗನ ಕಥೆ ಮುಗಿಸುತ್ತೇನೆ. ನಾಲ್ಕನೇ ಪ್ಯಾರಾ ಹೊಡೆದು ಹಾಕಿ ಬೇರೆ ಬರೆದೆವು. ಮೂರು ಪುಟ ಒಂಬತ್ತು ಪುಟ ಆಯಿತು. ಗಂಡನ ಕಡೆಯವರು ಮೊದಲು ಗೊಣಗಿದರು, ಆಮೇಲೆ ಭೇಟಿಯ ದಿನಗಳು ಸ್ಪಷ್ಟವಾಗಿ ಕಂಡ ಮೇಲೆ ಆ ಅಪ್ಪನೇ "ಇದು ನನಗೂ ಒಳ್ಳೇದು" ಅಂದ. ಅವನಿಗೂ ಮಕ್ಕಳು ಬೇಕಿತ್ತು, ಮೂರು ಪುಟದ ಕಾಗದದಲ್ಲಿ ಅವನಿಗೂ ಜಾಗ ಇರಲಿಲ್ಲ. ಹುಡುಗ ಒಂಬತ್ತೂ ಪುಟವನ್ನು ರಾತ್ರಿ ಕೂತು ಕನ್ನಡಕ್ಕೆ ಬರೆದು ಅಕ್ಕನಿಗೆ ಓದಿ ಹೇಳಿದ. ಮರುದಿನ ಅವಳು ನನ್ನೆದುರು ಕೂತು, ಯಾವ ಪ್ಯಾರಾದಲ್ಲಿ ಏನಿದೆ ಅಂತ ಬೆರಳಿಟ್ಟು ತೋರಿಸಿದಳು. "ಅಂತೆ" ಅನ್ನಲಿಲ್ಲ. ಆಮೇಲೆ ಸಹಿ ಹಾಕಿದಳು.

ನಿಮ್ಮ ಮನೆಗೆ ಇಂಥ ಕಾಗದ ಬಾರದಿರಲಿ. ಬಂದರೆ, ಓದಲಿಕ್ಕೆ ನೀವಿದ್ದೀರಿ ಅನ್ನೋದು ಮನೆಯವರಿಗೆ ಗೊತ್ತಿರಲಿ.